ಬಸುರಿಗೆ ಕೊರೊನಾ ಲಸಿಕೆ: ಕಂಪನಿ ಆಮೇಲೆ, ಮೊದಲು ತಿಂಗಳು ನೋಡಿ

"ಕೋವಿಶೀಲ್ಡ್ ಛಲೋನೋ, ಕೋವ್ಯಾಕ್ಸಿನ್ ಛಲೋನೋ?" ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆ ಬಸುರಿಯ ಮನೆಯಲ್ಲಿ ಲಸಿಕೆಯ ಮಾತು ಬಂದರೆ ಶುರುವಾಗುವುದು ಇಲ್ಲಿಂದಲೇ. ಕೇಳಬೇಕಾದ ಪ್ರಶ್ನೆಯೇ, ಆದರೆ ಅದರ ಸರದಿ ಎರಡನೆಯದು. ಮೊದಲು ತಾಯಿ ಕಾರ್ಡ್ ತೆಗೆದು ಕೊನೆಯ ಮುಟ್ಟಿನ ದಿನಾಂಕ ನೋಡಿ ಇಂದಿಗೆ ಎಷ್ಟು ವಾರ ತುಂಬಿತು ಎಂದು ಎಣಿಸಬೇಕು. ಹಿಂದೆ ಯಾವ ಲಸಿಕೆ, ಎಷ್ಟು ಡೋಸ್, ಯಾವಾಗ ಆಗಿದೆ ಎಂಬುದನ್ನೂ ಅದರ ಪಕ್ಕದಲ್ಲೇ ಬರೆದುಕೊಳ್ಳಿ. ಇವೆರಡು ಗೊತ್ತಾದರೆ ಕಂಪನಿಯ ಪ್ರಶ್ನೆ ಅರ್ಧ ತಾನಾಗಿ ಬಗೆಹರಿಯುತ್ತದೆ.

ಸ್ವಲ್ಪ ಹಿನ್ನೆಲೆ. ದೇಶದಲ್ಲಿ ಲಸಿಕೆ ಶುರುವಾದದ್ದು 2021ರ ಜನವರಿ 16ರಂದು. ಆಗ ಗರ್ಭಿಣಿಯರನ್ನೂ ಹಾಲುಣಿಸುವವರನ್ನೂ ಹೊರಗಿಟ್ಟಿದ್ದರು. ಹಾಲುಣಿಸುವ ತಾಯಂದಿರಿಗೆ ಆ ವರ್ಷದ ಮೇ ತಿಂಗಳಲ್ಲಿ ಅನುಮತಿ ಸಿಕ್ಕಿತು, ಗರ್ಭಿಣಿಯರಿಗೆ ಜುಲೈ 2ರಂದು. ಅಷ್ಟು ಹೊತ್ತಿಗೆ ಎರಡನೇ ಅಲೆ ಬಂದು ಹೋಗಿತ್ತು. ಆ ಆರು ತಿಂಗಳು "ಬಸುರಿಗೆ ಬ್ಯಾಡ" ಎಂದು ಕೇಳಿದ ಮಾತು ಮನೆಗಳಲ್ಲಿ ಇನ್ನೂ ಉಳಿದಿದೆ. ಬೇಡ ಎಂದದ್ದು ಅಪಾಯ ಕಂಡುಬಂದಿತ್ತು ಎಂದಲ್ಲ. ಮೊದಲ ಪರೀಕ್ಷೆಗಳಲ್ಲಿ ಗರ್ಭಿಣಿಯರನ್ನು ಸೇರಿಸಿರಲಿಲ್ಲ, ಹಾಗಾಗಿ ಹೇಳಲು ಮಾಹಿತಿ ಇರಲಿಲ್ಲ. ಆಮೇಲೆ ಬೇರೆ ಬೇರೆ ದೇಶಗಳಲ್ಲಿ ಲಕ್ಷಗಟ್ಟಲೆ ಗರ್ಭಿಣಿಯರು ಲಸಿಕೆ ಪಡೆದರು. ಗರ್ಭಪಾತವಾಗಲಿ ಮಗುವಿನ ಅಂಗದೋಷವಾಗಲಿ ಅದರಿಂದ ಹೆಚ್ಚಿದ್ದು ಕಾಣಲಿಲ್ಲ.

ಹಾಕಿಸುವುದೋ, ಹೆರಿಗೆಯಾದ ಮೇಲೆ ನೋಡುವುದೋ, ಬಿಟ್ಟೇಬಿಡುವುದೋ

ಮೂರು ದಾರಿಗಳಿವೆ, ಮೂರರ ತೂಕ ಎಲ್ಲರಿಗೂ ಒಂದೇ ಅಲ್ಲ. 2021ರ ಡೆಲ್ಟಾ ಕಾಲದಲ್ಲಿ ಲೆಕ್ಕ ಸರಳವಾಗಿತ್ತು. ಸೋಂಕು ತಗುಲಿದ ಗರ್ಭಿಣಿಗೆ ಐಸಿಯು, ವೆಂಟಿಲೇಟರ್ ಬೇಕಾಗುವ ಸಂಭವ ಅದೇ ವಯಸ್ಸಿನ ಬೇರೆ ಹೆಂಗಸರಿಗಿಂತ ಹೆಚ್ಚಿತ್ತು, ದಿನ ತುಂಬುವ ಮುಂಚೆ ಹೆರಿಗೆಯಾಗುವುದೂ ಹೆಚ್ಚಿತ್ತು. ಕಾರಣ ದೇಹದ ರಚನೆಯಲ್ಲೇ ಇದೆ. ಬೆಳೆದ ಗರ್ಭಕೋಶ ವಪೆಯನ್ನು, ಅಂದರೆ ಎದೆ ಹೊಟ್ಟೆಗಳ ನಡುವಿನ ಉಸಿರಾಟದ ಸ್ನಾಯುವನ್ನು, ಮೇಲಕ್ಕೆ ಒತ್ತುತ್ತದೆ, ಶ್ವಾಸಕೋಶ ಹಿಗ್ಗಲು ಜಾಗ ಕಡಿಮೆಯಾಗುತ್ತದೆ, ಆಮ್ಲಜನಕದ ಬೇಡಿಕೆ ಮಾತ್ರ ಏರುತ್ತಲೇ ಹೋಗುತ್ತದೆ. ರಕ್ತ ಹೆಪ್ಪುಗಟ್ಟುವ ಗುಣವೂ ಬಸುರಿನಲ್ಲಿ ಹೆಚ್ಚು.

ಓಮಿಕ್ರಾನ್ ಬಂದ ಮೇಲೆ ಕಾಯಿಲೆ ಹಗುರಾಯಿತು. ಹೆಚ್ಚಿನವರಿಗೆ ಒಮ್ಮೆಯಾದರೂ ಸೋಂಕು ತಗುಲಿದೆ ಅಥವಾ ಲಸಿಕೆ ಆಗಿದೆ. ಹೀಗಾಗಿ ಇಂದು ತಜ್ಞರಲ್ಲೂ ಒಮ್ಮತವಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಪ್ರತಿ ಬಸುರಿನಲ್ಲೂ ಒಂದು ಡೋಸ್, ಸಾಧ್ಯವಾದರೆ ನಡುವಿನ ತಿಂಗಳುಗಳಲ್ಲಿ, ಎನ್ನುತ್ತದೆ. ಅಮೆರಿಕದ ಸರ್ಕಾರ 2025ರ ಮೇ ತಿಂಗಳಲ್ಲಿ ಆರೋಗ್ಯವಂತ ಗರ್ಭಿಣಿಯರಿಗೆ ಕೊಟ್ಟಿದ್ದ ಸಲಹೆಯನ್ನು ಹಿಂತೆಗೆದುಕೊಂಡಿತು. ಅಲ್ಲಿನ ಪ್ರಸೂತಿ ತಜ್ಞರ ಸಂಘ ಅದನ್ನು ಒಪ್ಪದೆ, ಹಾಕಿಸಿ ಎಂದೇ ಹೇಳುತ್ತಿದೆ. ನಮ್ಮ ಸರ್ಕಾರಿ ದವಾಖಾನೆಗಳಲ್ಲಿ ಗರ್ಭಿಣಿಯರಿಗೆ ವಾಡಿಕೆಯಾಗಿ ಕೊಡುವ ಲಸಿಕೆ ಟಿಡಿ, ಅಂದರೆ ಜನ ಈಗಲೂ ಟಿಟಿ ಸೂಜಿ ಎನ್ನುವುದು. ಕೊರೊನಾ ಲಸಿಕೆ ಆ ಪಟ್ಟಿಯಲ್ಲಿಲ್ಲ. ಬೇಕಾದವರು ಕೇಳಿಯೇ ಪಡೆಯಬೇಕು.

ನಮ್ಮ ಅಭಿಪ್ರಾಯವನ್ನು ನೇರವಾಗಿ ಹೇಳುತ್ತೇವೆ. ಸಕ್ಕರೆ ಕಾಯಿಲೆ, ಬಿಪಿ, ಹೃದಯ ಅಥವಾ ಮೂತ್ರಪಿಂಡದ ತೊಂದರೆ ಇದ್ದವರು, ವಯಸ್ಸು 35 ದಾಟಿದವರು, ತೂಕ ತುಂಬಾ ಹೆಚ್ಚಿರುವವರು ಹಾಕಿಸಿಕೊಳ್ಳುವುದು ಒಳ್ಳೆಯದು. ಈ ಮೊದಲು ಒಂದೂ ಡೋಸ್ ಆಗದವರಿಗೂ ಅದೇ ಮಾತು. ದವಾಖಾನೆಯಲ್ಲಿ ಕೆಲಸ ಮಾಡುವವರು, ಬಸುರಿಯಾಗಿರುವ ಆಶಾ ಕಾರ್ಯಕರ್ತೆಯರು, ಗುಳೆ ಹೋಗಿ ತಗಡಿನ ಶೆಡ್ಡಿನಲ್ಲಿ ಹತ್ತಾರು ಮಂದಿಯೊಡನೆ ಇರುವವರೂ ಈ ಸಾಲಿಗೇ ಸೇರುತ್ತಾರೆ. ವಯಸ್ಸು ಇಪ್ಪತ್ತೈದರ ಆಸುಪಾಸು, ಬೇರೆ ಕಾಯಿಲೆ ಇಲ್ಲ, ಹಿಂದೆ ಎರಡು ಡೋಸ್ ಆಗಿದೆ, ಹೋದ ವರ್ಷವಷ್ಟೇ ಕೊರೊನಾ ಬಂದುಹೋಗಿದೆ ಎನ್ನುವವರು ವೈದ್ಯರೊಡನೆ ಮಾತಾಡಿ ಬಿಟ್ಟರೂ ತಪ್ಪಿಲ್ಲ. ಬಿಡುವವರು ಕೆಮ್ಮು ಜ್ವರ ಬಂದ ದಿನವೇ ಪರೀಕ್ಷೆ ಮಾಡಿಸಬೇಕು, ಬೆರಳಿಗೆ ಹಾಕುವ ಆಕ್ಸಿಮೀಟರಿನಲ್ಲಿ ಅಂಕಿ 95ಕ್ಕಿಂತ ಕೆಳಗಿಳಿದರೆ ಕಾಯದೆ ದವಾಖಾನೆ ಸೇರಬೇಕು.

"ಹೆರಿಗೆ ಆಗಲಿ, ಆಮೇಲೆ" ಎನ್ನುವ ನಡುದಾರಿ ಹಿರಿಯರಿಗೆ ಬಲು ಇಷ್ಟ. ಅದರಲ್ಲಿ ಕಳೆದುಕೊಳ್ಳುವುದು ಏನೆಂದರೆ, ತಾಯಿಯ ರಕ್ತದಲ್ಲಿ ಹುಟ್ಟುವ, ಸೋಂಕಿನೊಡನೆ ಹೋರಾಡುವ ಪ್ರತಿಕಾಯಗಳು ಹೊಕ್ಕುಳ ಬಳ್ಳಿಯ ಮೂಲಕ ಮಗುವಿಗೆ ದಾಟುವುದು ಹೆರಿಗೆಗೆ ಮುಂಚೆ ಮಾತ್ರ. ಆರು ತಿಂಗಳೊಳಗಿನ ಕೂಸಿಗೆ ಕೊಡುವ ಕೊರೊನಾ ಲಸಿಕೆ ಇಲ್ಲ. ಎದೆಹಾಲಿನಲ್ಲಿ ಒಂದಷ್ಟು ಪ್ರತಿಕಾಯ ಹೋಗುತ್ತದೆ ನಿಜ, ಆದರೆ ಅದು ಬಳ್ಳಿಯ ಮೂಲಕ ಹೋದದ್ದಕ್ಕೆ ಸಮವಲ್ಲ. ಹೆರಿಗೆಗೆ ಎರಡು ವಾರಕ್ಕಿಂತ ಕಡಿಮೆ ಉಳಿದಿದ್ದರೆ ಮಾತ್ರ ಮುಂದೂಡುವುದರಲ್ಲಿ ಅರ್ಥವಿದೆ.

ತಿಂಗಳಿನ ಲೆಕ್ಕ

ಸರ್ಕಾರದ ಮಾರ್ಗಸೂಚಿ ಬಸುರಿನ ಯಾವ ತಿಂಗಳಲ್ಲಾದರೂ ಹಾಕಬಹುದು ಎನ್ನುತ್ತದೆ. ನಮ್ಮ ಕಡೆಯ ಬದುಕಿನ ಕ್ಯಾಲೆಂಡರ್ ಮುಂದಿಟ್ಟುಕೊಂಡರೆ ಎಲ್ಲ ತಿಂಗಳೂ ಒಂದೇ ಅಲ್ಲ.

ಮೊದಲ 12 ವಾರ ವಾಂತಿ, ಸುಸ್ತು, ಊಟ ಸೇರದಿರುವುದು ಇದ್ದೇ ಇರುತ್ತದೆ. ಮಗುವಿನ ಅಂಗಾಂಗ ರೂಪುಗೊಳ್ಳುವ ಕಾಲವೂ ಇದೇ. ಲಸಿಕೆಯಿಂದ ಅಂಗದೋಷ ಕಂಡಿಲ್ಲ, ಆದರೆ ಈ ವಾರಗಳಲ್ಲಿ ಜೋರು ಜ್ವರ ಒಳ್ಳೆಯದಲ್ಲ, ಲಸಿಕೆಯ ಮರುದಿನ ಜ್ವರ ಬರಬಹುದು. ಇನ್ನೊಂದು ಕಾರಣ ವಿಜ್ಞಾನದ್ದಲ್ಲ, ಮನೆಯದು. ಲಸಿಕೆ ಇರಲಿ ಬಿಡಲಿ, ಗರ್ಭಪಾತಗಳಲ್ಲಿ ಹೆಚ್ಚಿನವು ಆಗುವುದು ಈ ಮೊದಲ ಮೂರು ತಿಂಗಳಲ್ಲೇ. ಸೂಜಿ ಮಾಡಿಸಿದ ವಾರವೇ ಅಂಥದ್ದು ನಡೆದರೆ ದೂರು ಸೂಜಿಯ ಮೇಲೆ ಬೀಳುತ್ತದೆ, ಆ ಹೆಣ್ಣುಮಗಳು "ನಾನು ಹಾಕಿಸಿಕೊಂಡೆ, ಅದಕ್ಕೇ ಹೋಯಿತು" ಎಂದು ವರ್ಷಗಟ್ಟಲೆ ಕೊರಗುತ್ತಾಳೆ. ಅಲೆ ಜೋರಾಗಿದ್ದರೆ, ಕಾಯಿಲೆಯಿದ್ದವರಾದರೆ ಕಾಯಬೇಡಿ. ಇಲ್ಲದಿದ್ದರೆ 14 ವಾರ ತುಂಬಲಿ.

14ರಿಂದ 26 ವಾರ, ಅಂದರೆ ನಾಲ್ಕು, ಐದು, ಆರನೇ ತಿಂಗಳು, ಎಲ್ಲಕ್ಕಿಂತ ಅನುಕೂಲ. ವಾಂತಿ ನಿಂತಿರುತ್ತದೆ, ಓಡಾಟ ಸುಲಭ. ಐದನೇ ತಿಂಗಳ ಸ್ಕ್ಯಾನ್ 18ರಿಂದ 20 ವಾರಕ್ಕೆ ಹೇಗೂ ಆಗಬೇಕು. ಆ ಸ್ಕ್ಯಾನ್ ಮುಗಿಸಿಕೊಂಡು ಲಸಿಕೆಗೆ ಹೋಗುವುದು ಮನಸ್ಸಿಗೂ ನೆಮ್ಮದಿ. ಪ್ರತಿಕಾಯ ಏಳಲು ಸುಮಾರು ಎರಡು ವಾರ ಬೇಕು, ಮಗುವಿಗೆ ಹೆಚ್ಚು ದಾಟುವುದು ಕೊನೆಯ ತಿಂಗಳುಗಳಲ್ಲಿ. ಲೆಕ್ಕ ಸರಿಹೋಗುತ್ತದೆ.

ಏಳನೇ ತಿಂಗಳ ತೊಡಕು ಬೇರೆ. ಕುಬುಸ (ಸೀಮಂತ) ಮಾಡಿ ಹುಡುಗಿಯನ್ನು ತವರಿಗೆ ಕಳಿಸುತ್ತಾರೆ. ಸಿಂಧನೂರಿನ ಸೊಸೆ ಯಲಬುರ್ಗಾದ ಮಗಳಾಗುತ್ತಾಳೆ. ಆರೋಗ್ಯ ಕೇಂದ್ರ, ಆಶಾ, ವೈದ್ಯರು ಎಲ್ಲ ಹೊಸಬರು. ಎರಡು ಡೋಸಿನ ನಡುವೆ ಈ ಪ್ರಯಾಣ ಬಂದರೆ ಎರಡನೆಯದು ತಪ್ಪುವುದೇ ಹೆಚ್ಚು. ಕೋವಿಶೀಲ್ಡಿಗೆ 2021ರ ಮೇ ತಿಂಗಳಿಂದ ಇದ್ದ ಅಂತರ 12ರಿಂದ 16 ವಾರ, ಕೋವ್ಯಾಕ್ಸಿನ್ನಿಗೆ 4ರಿಂದ 6 ವಾರ. 16ನೇ ವಾರದಲ್ಲಿ ಮೊದಲ ಡೋಸ್ ಪಡೆದವಳಿಗೆ ಕೋವಿಶೀಲ್ಡಿನ ಎರಡನೆಯದು ಬರುತ್ತಿದ್ದದ್ದು 28ರಿಂದ 32ನೇ ವಾರಕ್ಕೆ, ಸರಿಯಾಗಿ ಕುಬುಸದ ಹೊತ್ತಿಗೆ. ಕೋವ್ಯಾಕ್ಸಿನ್ನಿನದು 20ರಿಂದ 22ನೇ ವಾರಕ್ಕೆ ಮುಗಿದಿರುತ್ತದೆ. ಎರಡರ ಗುಣಕ್ಕಿಂತ ಈ ವಾರಗಳ ವ್ಯತ್ಯಾಸ ನಮ್ಮ ಕಡೆ ಹೆಚ್ಚು ಮುಖ್ಯವಾಗಿತ್ತು.

ಹಿಂದೆ ಎರಡು ಡೋಸ್ ಆದವರಿಗೆ ಈ ತಲೆನೋವಿಲ್ಲ. ಕೊನೆಯ ಡೋಸಿನಿಂದ ಆರು ತಿಂಗಳು ಕಳೆದಿದ್ದರೆ ಒಂದೇ ಡೋಸ್ ಸಾಕು. ಈಗ ಇಪ್ಪತ್ತರ ಆಸುಪಾಸಿನಲ್ಲಿರುವ ಬಸುರಿಯರು "ನಾನು ಹಾಕಿಸಿಕೊಂಡಿಲ್ಲ" ಎನ್ನುವುದುಂಟು. ಸ್ವಲ್ಪ ನೆನಪು ಮಾಡಿಸಿ. 2022ರ ಜನವರಿ 3ರಿಂದ 15ರಿಂದ 18 ವರ್ಷದವರಿಗೆ ಕೋವ್ಯಾಕ್ಸಿನ್, ಮಾರ್ಚ್ 16ರಿಂದ 12ರಿಂದ 14 ವರ್ಷದವರಿಗೆ ಕಾರ್ಬಿವ್ಯಾಕ್ಸ್ ಕೊಟ್ಟರು, ಬಹಳಷ್ಟು ಕಡೆ ಶಾಲೆ ಕಾಲೇಜಿನಲ್ಲೇ. ಅದೂ ಲೆಕ್ಕಕ್ಕೆ ಬರುತ್ತದೆ.

ಸಿಸೇರಿಯನ್ನಿಗೆ ದಿನ ಗೊತ್ತಾಗಿದ್ದರೆ ಹಿಂದೆ ಮುಂದೆ ಒಂದು ವಾರ ಬಿಡಿ. ಜ್ವರ ಬಂದರೆ ಅದು ಲಸಿಕೆಯದೋ ಹೊಲಿಗೆಯ ಸೋಂಕಿನದೋ ಎಂದು ತಿಳಿಯುವುದು ಕಷ್ಟ. ಹೆರಿಗೆಯ ಬೆನ್ನಿಗೇ ಸಂತಾನಹರಣ ಆಪರೇಷನ್ ಮಾಡಿಸಿಕೊಳ್ಳುವವರಿಗೂ ಇದೇ ಮಾತು. ಇದೇ ಬಸುರಿನಲ್ಲಿ ಕೊರೊನಾ ಬಂದಿದ್ದವರು ಹೆರಿಗೆಯಾದ ಮೇಲೆ ಹಾಕಿಸಿಕೊಳ್ಳಲಿ ಎಂದು 2021ರ ಮಾರ್ಗಸೂಚಿ ಹೇಳಿತ್ತು.

ಇನ್ನು ಯಾವುದು

ಕೋವ್ಯಾಕ್ಸಿನ್ ಹೈದರಾಬಾದಿನ ಭಾರತ್ ಬಯೋಟೆಕ್‌ನದು. ಸತ್ತ ಇಡೀ ವೈರಸ್ಸಿನಿಂದ ಮಾಡಿದ್ದು, ದೇಹದಲ್ಲಿ ಬೆಳೆಯಲಾರದು. ಹುಚ್ಚುನಾಯಿ ಕಡಿತಕ್ಕೆ ಕೊಡುವ ಲಸಿಕೆಯೂ ಇದೇ ಜಾತಿಯದು, ಅದನ್ನು ಬಸುರಿಯರಿಗೆ ಹಿಂಜರಿಯದೆ ಕೊಡುತ್ತಾರೆ. ಜ್ವರ ಮೈಕೈ ನೋವು ಕಡಿಮೆ. ಅದರ ಕೊರತೆ ಎಂದರೆ ಗರ್ಭಿಣಿಯರಲ್ಲಿ ನಡೆದ ಅಧ್ಯಯನಗಳು, ವೈರಸ್ಸಿನ ಒಂದು ಪ್ರೋಟೀನನ್ನು ಮಾಡುವ ಸಂದೇಶವನ್ನಷ್ಟೇ ದೇಹಕ್ಕೆ ಕೊಡುವ ಎಂಆರ್‌ಎನ್‌ಎ ಲಸಿಕೆಗಳಷ್ಟು ದೊಡ್ಡವಲ್ಲ.

ಕೋವಿಶೀಲ್ಡ್ ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್‌ನದು, ಚಿಂಪಾಂಜಿಯ ನೆಗಡಿ ವೈರಸ್ಸನ್ನು ಬೆಳೆಯಲಾಗದಂತೆ ಮಾಡಿ ಅದರ ಬೆನ್ನ ಮೇಲೆ ಕೊರೊನಾದ ಮುಳ್ಳಿನ ಸಂದೇಶ ಕಳಿಸುವ ಬಗೆ. ಪ್ರತಿಕಾಯ ಚೆನ್ನಾಗಿ ಏಳುತ್ತದೆ. ಮೊದಲ ಡೋಸಿನ ಮರುದಿನ ಚಳಿ ಜ್ವರ ಹೆಚ್ಚು. ಅಪರೂಪಕ್ಕೆ, ಬ್ರಿಟನ್ನಿನ ಲೆಕ್ಕದಲ್ಲಿ ಲಕ್ಷ ಮೊದಲ ಡೋಸಿಗೆ ಒಂದೆರಡು, ಪ್ಲೇಟ್‌ಲೆಟ್ ಇಳಿದು ರಕ್ತ ಹೆಪ್ಪುಗಟ್ಟುವ ತೊಂದರೆ ಕಂಡಿತು. ಚಿಕ್ಕ ವಯಸ್ಸಿನವರಲ್ಲಿ ತುಸು ಹೆಚ್ಚು. ಬ್ರಿಟನ್ 2021ರ ಏಪ್ರಿಲಿನಲ್ಲೇ ಗರ್ಭಿಣಿಯರಿಗೆ ಎಂಆರ್‌ಎನ್‌ಎ ಲಸಿಕೆಗೆ ಆದ್ಯತೆ ಕೊಟ್ಟಿತು. ಕಂಪನಿ 2021ರ ಡಿಸೆಂಬರಿನಿಂದ ಇದರ ತಯಾರಿಕೆ ನಿಲ್ಲಿಸಿದ್ದಾಗಿ ಹೇಳಿದೆ. ಹಾಗಾಗಿ ಇಂದಿನ ಬಸುರಿಗೆ ಇದು ಆಯ್ಕೆಯೇ ಅಲ್ಲ. ಯಾರಾದರೂ "ಕೋವಿಶೀಲ್ಡ್ ಇದೆ" ಎಂದರೆ ಬಾಟಲಿಯ ಮೇಲಿನ ಅವಧಿ ದಿನಾಂಕ ನೋಡದೆ ತೋಳು ಕೊಡಬೇಡಿ. ಅಂದು ಹಾಕಿಸಿಕೊಂಡವರು ಇಂದು ಹೆದರಬೇಕಿಲ್ಲ. ಆ ಹೆಪ್ಪುಗಟ್ಟುವ ತೊಂದರೆ ಬರುವುದಾದರೆ ಸೂಜಿ ಮಾಡಿಸಿದ ಮೊದಲ ಕೆಲವು ವಾರಗಳಲ್ಲೇ ಬರುತ್ತಿತ್ತು.

ಹೈದರಾಬಾದಿನ ಬಯೋಲಾಜಿಕಲ್ ಇ ಕಂಪನಿಯ ಕಾರ್ಬಿವ್ಯಾಕ್ಸ್ ವೈರಸ್ಸಿನ ಒಂದು ತುಣುಕು ಪ್ರೋಟೀನು ಮಾತ್ರ, 28 ದಿನದ ಅಂತರ. ಬಗೆ ಹಳೆಯದು, ನಂಬಿಕೆಗೆ ಅರ್ಹವಾದದ್ದು. ಗರ್ಭಿಣಿಯರಲ್ಲಿ ಇದರ ಅನುಭವ ಕಡಿಮೆ. ಮೂಗಿಗೆ ಹಾಕುವ ಇನ್‌ಕೋವ್ಯಾಕ್ 2023ರ ಜನವರಿಯಲ್ಲಿ ಬಂತು. ಸೂಜಿಗೆ ಹೆದರುವವರಿಗೆ ಆಕರ್ಷಕ ಎನಿಸುತ್ತದೆ, ಆದರೆ ಬಸುರಿಯರಿಗೆ ಇದನ್ನು ನಾವು ಹೇಳುವುದಿಲ್ಲ. ಎಂಆರ್‌ಎನ್‌ಎ ಬಗೆಯಲ್ಲಿ ಪುಣೆಯ ಜೆನೋವಾದ ಜೆಮ್‌ಕೋವ್ಯಾಕ್-ಒಎಂ 2023ರಲ್ಲಿ ಅನುಮತಿ ಪಡೆಯಿತು. ಬಸುರಿಯರಲ್ಲಿ ಎಲ್ಲಕ್ಕಿಂತ ಹೆಚ್ಚು ಬಳಸಿದ್ದು ಫೈಸರ್ ಮತ್ತು ಮಾಡರ್ನಾ. ಆ ಮಾಹಿತಿಯನ್ನು ಬೇರೆ ಕಂಪನಿಯ ಎಂಆರ್‌ಎನ್‌ಎಗೆ ಹಾಗೇ ಹಚ್ಚಲಾಗದು.

ಆಯ್ಕೆ ಕೈಯಲ್ಲಿದ್ದರೆ ನಮ್ಮ ಕಡೆಯ ಬಸುರಿಗೆ ನಾವು ಮೊದಲು ಹೇಳುವುದು ಕೋವ್ಯಾಕ್ಸಿನ್, ಅದು ಸಿಗದಿದ್ದರೆ ವೈದ್ಯರನ್ನು ಕೇಳಿ ಕಾರ್ಬಿವ್ಯಾಕ್ಸ್. ಹಿಂದಿನ ಲಸಿಕೆಗೆ ಮೈಯೆಲ್ಲ ದದ್ದು, ತುಟಿ ಊತ, ಉಸಿರುಗಟ್ಟುವುದು ಆಗಿದ್ದವರು ಅದೇ ಲಸಿಕೆಯನ್ನು ಮತ್ತೆ ಪಡೆಯಬಾರದು. ರಕ್ತಹೀನತೆ ಅಡ್ಡಿಯಲ್ಲ. ರಕ್ತ ತೆಳುವಾಗಿಸುವ ಗುಳಿಗೆ, ಹೆಪಾರಿನ್ ಸೂಜಿ ನಡೆಯುತ್ತಿದ್ದರೂ ಹಾಕಬಹುದು, ಚುಚ್ಚಿದ ಜಾಗವನ್ನು ಉಜ್ಜದೆ ಐದು ನಿಮಿಷ ಒತ್ತಿ ಹಿಡಿಯಬೇಕು ಅಷ್ಟೆ.

ಎಲ್ಲಿ, ಹೇಗೆ

2021ರಂತೆ ಪ್ರತಿ ಉಪಕೇಂದ್ರದಲ್ಲೂ ಈಗ ಸಿಗದು. ಆಶಾ ಅಥವಾ 104 ಆರೋಗ್ಯ ಸಹಾಯವಾಣಿಗೆ ಫೋನ್ ಮಾಡಿ, ದಾಸ್ತಾನು ಇದೆಯೇ, ಯಾವ ದಿನ ಬಾಟಲಿ ಒಡೆಯುತ್ತಾರೆ ಎಂದು ಕೇಳಿಯೇ ಹೊರಡಿ. ಬಾಟಲಿಯಲ್ಲಿ ಹಲವು ಡೋಸ್ ಇರುವುದರಿಂದ ಒಬ್ಬಿಬ್ಬರಿಗಾಗಿ ಒಡೆಯಲು ಹಿಂಜರಿಯುತ್ತಾರೆ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಜಿಲ್ಲಾ ಕೇಂದ್ರಗಳಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಿವೆ, ಅಲ್ಲಿ ಪ್ರಸೂತಿ ತಜ್ಞರ ಅಭಿಪ್ರಾಯವನ್ನೂ ಕೇಳಬಹುದು. ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಕೇಂದ್ರಗಳಲ್ಲಿ ಗರ್ಭಿಣಿಯರ ಉಚಿತ ತಪಾಸಣೆ ಇರುತ್ತದೆ. ಬಿಪಿ, ರಕ್ತ, ಸಕ್ಕರೆ ನೋಡಿಸಿ ಲಸಿಕೆಯ ಮಾತೆತ್ತಲು ಒಳ್ಳೆಯ ದಿನ.

ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರಿನ ಬಿಸಿಲು 40 ಡಿಗ್ರಿ ದಾಟುತ್ತದೆ. ಲಸಿಕೆ ಇರಬೇಕಾದದ್ದು 2ರಿಂದ 8 ಡಿಗ್ರಿಯಲ್ಲಿ. ಜನ ಬಿಸಿಗೆ ಹೆದರುತ್ತಾರೆ, ಆದರೆ ಕೋವ್ಯಾಕ್ಸಿನ್ನಿನಂಥ ಲಸಿಕೆಯನ್ನು ಅಷ್ಟೇ ಕೆಡಿಸುವುದು ಹೆಪ್ಪುಗಟ್ಟಿಸುವ ತಂಪು. ಫ್ರೀಜರಿನಿಂದ ಕಲ್ಲಿನಂತೆ ಗಟ್ಟಿಯಾದ ಐಸ್‌ಪ್ಯಾಕ್ ತೆಗೆದು ಹಾಗೇ ಪೆಟ್ಟಿಗೆಗೆ ಇಟ್ಟರೆ ಪಕ್ಕದ ಬಾಟಲಿ ಹೆಪ್ಪುಗಟ್ಟುತ್ತದೆ. ಪ್ಯಾಕನ್ನು ಹೊರಗಿಟ್ಟು, ಕಿವಿಯ ಬಳಿ ಅಲುಗಿಸಿದಾಗ ಒಳಗೆ ನೀರು ಗುಳುಗುಳು ಎಂದ ಮೇಲೆಯೇ ಪೆಟ್ಟಿಗೆಗೆ ಇಡಬೇಕು. ನೀವು ನೋಡಬಹುದಾದದ್ದು ಇಷ್ಟು: ಬಾಟಲಿ ಪೆಟ್ಟಿಗೆಯಿಂದ ಬಂತೇ, ಅದರ ಮೇಲೆ ಒಡೆದ ಹೊತ್ತು ಬರೆದಿದೆಯೇ, ಕಣ್ಣೆದುರು ಹೊಸ ಸಿರಿಂಜ್ ಬಿಚ್ಚಿ 0.5 ಎಂಎಲ್ ಎಳೆದರೇ, ಒಳಗೆ ಚೂರು ಚೂರು ತೇಲುತ್ತಿದೆಯೇ. ತೇಲುತ್ತಿದ್ದರೆ ಬೇಡ ಎನ್ನಿ. ಸಿಸ್ಟರ್ ಬೇಸರಪಟ್ಟರೂ ಪರವಾಗಿಲ್ಲ.

ಸೂಜಿ ತೋಳಿನ ಮೇಲ್ಭಾಗದ ದಪ್ಪ ಸ್ನಾಯುವಿಗೆ, ಸೊಂಟಕ್ಕಲ್ಲ. "ಮೊದಲು ಟೆಸ್ಟ್ ಡೋಸ್ ಕೊಡಿ" ಎಂದು ಕೇಳುವುದು ನಮ್ಮ ಕಡೆ ಬಹಳ. ಲಸಿಕೆಗೆ ಹಾಗೆ ಚರ್ಮಕ್ಕೆ ಚುಚ್ಚಿ ನೋಡುವ ಪದ್ಧತಿಯಿಲ್ಲ. ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ, ರೊಟ್ಟಿ ಪಲ್ಯ ಉಂಡು, ನೀರು ಕುಡಿದು, ಬೆಳಗಿನ ಹೊತ್ತೇ ಹೋಗಿ. ಅರ್ಧ ಗಂಟೆ ಅಲ್ಲೇ ಕೂತಿರಬೇಕು. ಚುಚ್ಚಿದ ಎರಡು ಮೂರು ನಿಮಿಷದಲ್ಲಿ ಬೆವತು, ಮುಖ ಬಿಳಚಿ, ತಲೆ ತಿರುಗಿದರೆ ಅದು ಹೆದರಿಕೆಯ ಮೂರ್ಛೆ, ಮಲಗಿಸಿದರೆ ಇಳಿಯುತ್ತದೆ. ಏಳನೇ ತಿಂಗಳ ಮೇಲಿನವರನ್ನು ಅಂಗಾತ ಮಲಗಿಸದೆ ಎಡಮಗ್ಗುಲಿಗೆ ಮಲಗಿಸಿ. ಮೈಯೆಲ್ಲ ದದ್ದೆದ್ದು, ಗಂಟಲು ಕಟ್ಟಿ, ಉಸಿರು ಸಿಳ್ಳೆ ಹೊಡೆದರೆ ಅದು ಅಲರ್ಜಿ, ತೊಡೆಗೆ ಅಡ್ರಿನಲಿನ್ ಸೂಜಿ ತಕ್ಷಣ ಬೇಕು. ಬಸುರಿ ಎಂದು ಆ ಸೂಜಿಗೆ ಹಿಂಜರಿಯಬಾರದು.

2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ತೀರಿಕೊಂಡ ಮೇಲೆ ಈ ಭಾಗದಲ್ಲಿ ಸೂಜಿ ಎಂದರೇ ಭಯ. ಆ ಭಯವನ್ನು ಯಾರೂ ಹಗುರವಾಗಿ ನೋಡಬಾರದು. ಅಲ್ಲಿ ಸಂಶಯ ಬಿದ್ದದ್ದು ರಕ್ತನಾಳಕ್ಕೆ ಏರಿಸುವ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ, ಲಸಿಕೆಯ ಮೇಲಲ್ಲ. ಬಾಟಲಿಯ ಬ್ಯಾಚ್ ನಂಬರ್ ಕೇಳಿ ಬರೆಸಿಕೊಳ್ಳುವುದು ಎರಡಕ್ಕೂ ನಿಮ್ಮ ಹಕ್ಕು.

ಆಮೇಲಿನ ದಿನಗಳು

ಜ್ವರ 100.4 ಡಿಗ್ರಿ ದಾಟಿದರೆ ಪ್ಯಾರಾಸಿಟಮಾಲ್ 500 ಅಥವಾ 650, ಆರು ಗಂಟೆಗೊಂದು, ದಿನಕ್ಕೆ ನಾಲ್ಕು ಮೀರಬಾರದು. ಮೆಡಿಕಲ್ ಅಂಗಡಿಯಲ್ಲಿ "ಮೈಕೈ ನೋವಿನ ಗುಳಿಗೆ" ಎಂದು ಕೇಳಬೇಡಿ. ಡೈಕ್ಲೋಫಿನ್ಯಾಕ್ ಅಥವಾ ಐಬುಪ್ರೊಫೆನ್ ಕೊಟ್ಟುಬಿಡುತ್ತಾರೆ, ಬಸುರಿಗೆ ಅವು ಬೇಡ.

ಲಸಿಕೆಯ ಜ್ವರ ಎರಡು ದಿನದ್ದು. ಮೂರನೇ ದಿನವೂ ಇದ್ದರೆ ಅದು ಲಸಿಕೆಯದಲ್ಲ ಎಂದೇ ತಿಳಿದು ರಕ್ತ ಪರೀಕ್ಷೆ ಮಾಡಿಸಿ. ಮಳೆಗಾಲ ಮುಗಿಯುವ ಹೊತ್ತಿಗೆ, ತುಂಗಭದ್ರಾ ಕಾಲುವೆಯ ಗದ್ದೆ ಬಯಲಿನಲ್ಲಿ, ಡೆಂಗಿ ಮಲೇರಿಯಾ ಎರಡನ್ನೂ ನೋಡಿಸಲೇಬೇಕು. "ಸೂಜಿ ಜ್ವರ, ಇಳೀತದ" ಎಂದು ನಾಲ್ಕು ದಿನ ಮನೆಯಲ್ಲಿ ಕೂರುವುದರಷ್ಟು ಅಪಾಯ ಬೇರಿಲ್ಲ.

ಇದಕ್ಕಿಂತ ಮೋಸದ್ದು ತಲೆನೋವು. ಐದನೇ ತಿಂಗಳ ನಂತರ ಬಿಡದ ತಲೆನೋವು, ಕಣ್ಣು ಮಂಜು, ಹೊಟ್ಟೆಯ ಮೇಲ್ಭಾಗದಲ್ಲಿ ನೋವು ಬಂದರೆ ಮೊದಲು ನೆನಪಾಗಬೇಕಾದದ್ದು ಗರ್ಭಿಣಿ ನಂಜು, ಅಂದರೆ ಬಸುರಿನಲ್ಲಿ ಬಿಪಿ ಏರುವ ಕಾಯಿಲೆ. ಲಸಿಕೆಯ ನಂತರದ 20 ದಿನ ಎಚ್ಚರವಿರಿ ಎಂದು ಸರ್ಕಾರ ಕೊಟ್ಟ ಪಟ್ಟಿಯಲ್ಲೂ ಇವೇ ಲಕ್ಷಣಗಳಿವೆ, ಜೊತೆಗೆ ಉಸಿರಾಟದ ತೊಂದರೆ, ಎದೆನೋವು, ಒಂದೇ ಕಾಲು ಊದುವುದು, ಚುಚ್ಚಿದ ಜಾಗ ಬಿಟ್ಟು ಬೇರೆಡೆ ಕೆಂಪು ಚುಕ್ಕೆ, ಫಿಟ್ಸ್. ಮನೆಯಲ್ಲಿ ಕೂತು ಯಾವುದು ಎಂದು ಬಗೆಹರಿಸಲಾಗದು. ಮೊದಲು ಬಿಪಿ ನೋಡಿಸಿ, 140/90 ಅಥವಾ ಹೆಚ್ಚಿದ್ದರೆ ದಾರಿ ನಂಜಿನ ಕಡೆಗೆ. ಪ್ಲೇಟ್‌ಲೆಟ್ ಎಣಿಕೆ ನಂಜು ತೀವ್ರವಾದಾಗಲೂ ಇಳಿಯುತ್ತದೆ, ಡೆಂಗಿಯಲ್ಲೂ ಇಳಿಯುತ್ತದೆ, ಆ ಅಪರೂಪದ ಹೆಪ್ಪುಗಟ್ಟುವ ಕಾಯಿಲೆಯಲ್ಲೂ ಇಳಿಯುತ್ತದೆ. ಮೂರಕ್ಕೂ ಚಿಕಿತ್ಸೆ ಬೇರೆ ಬೇರೆ. ಆದ್ದರಿಂದ ವೈದ್ಯರೆದುರು ಕೂತ ಕೂಡಲೇ ಎಷ್ಟನೇ ವಾರ, ಯಾವ ಲಸಿಕೆ, ಯಾವ ತಾರೀಖು ಎಂಬ ಮೂರನ್ನೂ ಹೇಳಿ. ಮಗುವಿನ ಮಿಸುಕಾಟ ಕಡಿಮೆಯಾದರೆ, ನೀರು ಅಥವಾ ರಕ್ತ ಹೋದರೆ ಲಸಿಕೆಯ ಯೋಚನೆ ಬದಿಗಿಟ್ಟು 108ಕ್ಕೆ ಫೋನ್ ಮಾಡಿ.

ಬೇರೆ ಸೂಜಿಗಳ ಮಾತು ಚಿಕ್ಕದು. ಟಿಡಿ, ಫ್ಲೂ ಲಸಿಕೆಗಳನ್ನು ಅದೇ ದಿನ ಇನ್ನೊಂದು ತೋಳಿಗೆ ಕೊಡಬಹುದು. ಹಿಮೋಗ್ಲೋಬಿನ್ ಕಡಿಮೆಯಿದ್ದು ಐರನ್ ಸುಕ್ರೋಸ್ ಬಾಟಲಿ ಏರಿಸುತ್ತಿದ್ದರೆ ಲಸಿಕೆಯನ್ನು ಬೇರೆ ದಿನ ಇಟ್ಟುಕೊಳ್ಳಿ. ಎರಡೂ ಒಂದೇ ದಿನವಾಗಿ ಚಳಿ ಬಂದರೆ ಯಾವುದರಿಂದ ಎಂದು ತಿಳಿಯದೆ ಎರಡನ್ನೂ ನಿಲ್ಲಿಸುತ್ತಾರೆ, ನಮ್ಮ ಕಡೆಯ ಬಸುರಿಗೆ ಐರನ್ ನಿಲ್ಲುವುದು ದೊಡ್ಡ ನಷ್ಟ. ರುಬೆಲ್ಲಾದಂಥ ಜೀವಂತ ಲಸಿಕೆಗಳು ಬಸುರಿನಲ್ಲಿ ಬೇಡವೇ ಬೇಡ.

ಲಸಿಕೆಯ ಹೆಸರು, ಬ್ಯಾಚ್ ನಂಬರ್, ತಾರೀಖು, ಎಡ ತೋಳೋ ಬಲ ತೋಳೋ ಎಲ್ಲವನ್ನೂ ತಾಯಿ ಕಾರ್ಡಿನಲ್ಲಿ ಪೆನ್ನಿನಿಂದ ಬರೆಸಿ. ಮೊಬೈಲಿನ ಪ್ರಮಾಣಪತ್ರ ನಂಬಿ ಕೂರಬೇಡಿ, ಅದು ಬೆಂಗಳೂರಿನ ಮೇಸ್ತ್ರಿಯ ನಂಬರಿಗೋ ಗಂಡನ ಹಳೆಯ ಸಿಮ್ಮಿಗೋ ಹೋಗಿರುತ್ತದೆ. ಆ ಪುಟದ ಫೋಟೊ ತೆಗೆದು ತವರಿನ ಒಬ್ಬರಿಗೆ ಕಳಿಸಿ. ಕುಬುಸದ ಗಡಿಬಿಡಿಯಲ್ಲಿ ಸೀರೆ, ಹಸಿರು ಬಳೆ, ಬುತ್ತಿ ಎಲ್ಲ ಗಾಡಿ ಹತ್ತುತ್ತವೆ, ತಾಯಿ ಕಾರ್ಡ್ ಮಾತ್ರ ಅತ್ತೆ ಮನೆಯ ಗೂಡಿನಲ್ಲೇ ಉಳಿದುಬಿಡುತ್ತದೆ.